ಗಾಡೆವ್ವನ ಉಡಿ

ಹುನಗುಂದ
14 ಜೂನ್ 2005

ಅನುರಾಧಾ,

ಹನ್ನೊಂದು ವರ್ಷದ ಮೇಲೆ ನಿನಗೆ ಪತ್ರ ಬರೆಯುತ್ತಿದ್ದೇನೆ. ಬರೆಯಲು ಬರುತ್ತಿರಲಿಲ್ಲ ಅಂತ ಅಲ್ಲ, ಆ ಕಾಲಕ್ಕೇ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಬರೆಯಲಿಲ್ಲ, ಅಷ್ಟೇ. ಮೇಲೆ ಚಿರಂಜೀವಿ ಅಂತ ಹಾಕಲೋ ಬೇಡವೋ ಎಂದು ಅರ್ಧ ತಾಸು ಕೂತು, ಕೊನೆಗೆ ಬರೀ ಹೆಸರು ಬರೆದೆ.

ವಿಷಯ ಇಷ್ಟು. ನಿನ್ನ ದನಿ ಇಲ್ಲಿಗೆ ಬಂದಿದೆ. ನೀನು ಬಂದಿಲ್ಲ.

ನಾನು ಈ ವೃದ್ಧಾಶ್ರಮಕ್ಕೆ ಬಂದು ವರ್ಷವಾಯಿತು. ನಿನ್ನಪ್ಪ ತೀರಿಕೊಂಡ ಮೇಲೆ ಗುಳೇದಗುಡ್ಡದ ಮಗ್ಗದ ಮನೆ ನಿನ್ನ ಕಾಕಾನ ಪಾಲಿಗೆ ಹೋಯಿತು. ಸೊಂಟ ಮುರಿದುಕೊಂಡು ಅವನ ಹೆಂಡತಿಯ ಹತ್ತಿರ ಒಂದು ಲೋಟ ನೀರಿಗೆ ಬಾಯಿ ತೆಗೆಯುವುದಕ್ಕಿಂತ ಇದು ವಾಸಿ ಅಂತ ನಾನೇ ಬಂದೆ. ಯಾರೂ ತಳ್ಳಲಿಲ್ಲ. ಇಲ್ಲಿ ಗಂಡಸರ ಕಡೆ ಹತ್ತು, ಹೆಂಗಸರ ಕಡೆ ಹನ್ನೆರಡು, ಒಟ್ಟು ಇಪ್ಪತ್ತೆರಡು ಮಂಚ. ನನ್ನದು ಕಟ್ಟಕಡೆಯದು.

ಹೋದ ಬುಧವಾರ ಬಾಗಲಕೋಟೆಯ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ಜೀಪಿನಲ್ಲಿ ಬಂದು, ಮಂಚಗಳ ಸಾಲಿನುದ್ದಕ್ಕೂ ನೆಲಕ್ಕೆ ಕರಿ ಪಟ್ಟಿ ಅಂಟಿಸಿದರು. ಆ ಪಟ್ಟಿಯ ಮೇಲೆ ಸೊಂಟದೆತ್ತರದ ಒಂದು ಗಾಡಿ ಬಿಟ್ಟರು. ಕೆಳಗೆ ಮೂರು ಗಾಲಿ, ಮೇಲೆ ಬಿಳಿ ಪ್ಲಾಸ್ಟಿಕ್ ಡ್ರಮ್ಮು, ಅದಕ್ಕೆ ಹಸಿರು ದೀಪದ ಎರಡು ಕಣ್ಣು, ಮುಂದೆ ಗುಳಿಗೆ ಇಡಲು ಒಂದು ತಾಟು. ರೋಬೋಟ್ ಅಂದರು. ವಯಸ್ಸಾದವರಿಗೆ ಒಂಟಿತನ ಕಾಡಬಾರದು ಅಂತ ಮಾಡಿದ್ದಂತೆ. ನಮ್ಮ ಮೇಲ್ವಿಚಾರಕ ಗುರಪ್ಪ ಅದರ ಮುಂದೆ ಕಾಯಿ ಒಡೆದ. ಗಾಡಿ ತಾನೇ ಉರುಳುತ್ತಾ ಮೊದಲ ಮಂಚದ ಹತ್ತಿರ ಹೋಗಿ ನಿಂತು ಕೇಳಿತು, "ಊಟ ಆತೇನ್ರಿ? ಗುಳಿಗಿ ತಗೊಂಡ್ರಿ?"

ನಾನು ಅಲ್ಲಿಂದ ಇಪ್ಪತ್ತೊಂದು ಮಂಚದ ದೂರದಲ್ಲಿದ್ದೆ. ಕೈಯಲ್ಲಿದ್ದ ಚಹಾದ ಬಸಿ ಜಾರಿತು. ಗಾಡಿ ನನ್ನ ಹತ್ತಿರ ಬಂದು ಅದನ್ನೇ ಕೇಳಿದಾಗ ನಾನು ಗೋಡೆಯ ಕಡೆ ಮುಖ ಮಾಡಿದೆ. ಆಮೇಲೆ ಎದ್ದು ಅದರ ಬೆನ್ನ ಮೇಲಿನ ತಗಡು ಓದಿದೆ. ಮಾರ್ಗದರ್ಶನ, ಅನುರಾಧಾ ಸಿದ್ದಾರ್ಥ, ಉಪನ್ಯಾಸಕಿ. ವಿಳಾಸವೂ ಅಲ್ಲೇ ಇತ್ತು.

ಬಾಗಲಕೋಟೆಯಿಂದ ಹುನಗುಂದಕ್ಕೆ ಒಂದೂವರೆ ತಾಸಿನ ಬಸ್ಸು. ಈ ಗಾಡಿ ಮಾಡಲು ನಿನಗೆ ಎಷ್ಟು ತಿಂಗಳು ಹಿಡಿಯಿತು?

ಚಂದ್ರವ್ವ


ಬಾಗಲಕೋಟೆ
2 ಜುಲೈ 2005

ಅವ್ವಾ,

ಎಂಟು ತಿಂಗಳು ಹಿಡಿಯಿತು.

ನೀನು ಹುನಗುಂದದಲ್ಲಿದ್ದೀ ಅಂತ ನಮ್ಮ ಕಾಲೇಜಿನ ಗುಳೇದಗುಡ್ಡದ ಗುಮಾಸ್ತರು ಹೇಳಿದರು. ಆ ವಾರವೇ ವಿದ್ಯಾರ್ಥಿಗಳಿಗೆ ಈ ಕೆಲಸ ಕೊಟ್ಟೆ. ಮೊದಲು ಬೆಂಗಳೂರಿನ ಕಡೆಯ ಹುಡುಗಿಯೊಬ್ಬಳ ದನಿ ಹಾಕಿದ್ದೆವು. "ಊಟ ಮಾಡಿದಿರಾ?" ಅಂತ ಅದು ಕೇಳಿದರೆ ಸರ್ವೆಗೆ ಬಂದವರ ಹಾಗೆ ಇತ್ತು. ಕೊನೆಗೆ ಮೂವತ್ತೆರಡು ಮಾತು ನಾನೇ ಆಡಿ ತುಂಬಿಸಿದೆ.

ಇನ್ನೊಂದು ಹೇಳಬೇಕು. ಆ ಬುಧವಾರ ನಾನೂ ಬಂದಿದ್ದೆ. ಗೇಟಿನ ಹೊರಗೆ ಜೀಪಿನಲ್ಲಿ ಎರಡು ತಾಸು ಕೂತಿದ್ದೆ. ಇಳಿಯಲಿಲ್ಲ. ಕರೆಯದೆ ಮಗಳು ತವರಿಗೆ ಹೋಗಬಾರದು ಅಂತ ನೀನೇ ಹೇಳಿಕೊಟ್ಟದ್ದು. ತವರು ಅಂದರೆ ಈಗ ನೀನೊಬ್ಬಳೇ. ನೀನು ಕರೆಯಲಿಲ್ಲ.

ಅಪ್ಪನ ಮೇಲೆ ನನಗೆ ಈಗ ಸಿಟ್ಟಿಲ್ಲ. ನಾನು ಮದುವೆಯಾಗಬೇಕೆಂದ ಸಿದ್ದಾರ್ಥನ ಜಾತಿ ಕೇಳಿ ಅಪ್ಪ ಮಗ್ಗದಿಂದ ಎದ್ದು ಬಂದು, "ಹೊಸ್ತಿಲ ದಾಟಿದ್ರ ಮತ್ತ ಕರಿಯೂದಿಲ್ಲ" ಅಂದ. ಅಂದಂತೆಯೇ ನಡೆದ. ನೀನು ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನಾನು ಚೀಲ ತೆಗೆದುಕೊಂಡು ನಿನ್ನ ಮುಂದೆಯೇ ಹಾದುಹೋದೆ. ನೀನು ರಾಟಿ ನಿಲ್ಲಿಸಲಿಲ್ಲ. ಬೈದಿದ್ದರೂ ಆಗುತ್ತಿತ್ತು ಅವ್ವಾ. ಒಂದು ಮಾತೂ ಆಡಲಿಲ್ಲ ನೀನು.

ಮಗಳು ಚೇತನಾ ಹುಟ್ಟಿದಾಗ ಶಿರೂರಿನಲ್ಲಿ ನಮ್ಮ ಅತ್ತೆ ಇಂದ್ರವ್ವ ನನ್ನ ಉಡಿ ತುಂಬಿದಳು. ತುಂಬಿ, "ತವರಿನ ಉಡಿ ಬ್ಯಾರೆನ ಇರ್ತೈತಿ, ಅದನ್ನ ನಾ ಕೊಡಾಕ ಆಗೂದಿಲ್ಲ" ಅಂದಳು. ಆವತ್ತು ನಾನು ಭಾಳ ಅತ್ತುಬಿಟ್ಟೆ.

ಅನುರಾಧಾ


ಹುನಗುಂದ
20 ಜುಲೈ 2005

ಅನು,

ನಿನ್ನ ಪತ್ರವನ್ನು ನಾಲ್ಕು ಸಲ ಓದಿ ಟ್ರಂಕಿನಲ್ಲಿಟ್ಟೆ. ಗಾಡಿಯ ಸುದ್ದಿ ಬರೆಯುತ್ತೇನೆ.

ಇವರು ಅದಕ್ಕೆ ಗಾಡೆವ್ವ ಅಂತ ಹೆಸರಿಟ್ಟಿದ್ದಾರೆ. ದಿನಕ್ಕೆ ಮೂರು ಸುತ್ತು ಬರುತ್ತದೆ. ಮೊದಲ ವಾರ ಎಲ್ಲರೂ ನಕ್ಕರು. ಎರಡನೇ ವಾರದಿಂದ ಅದು ಬರುವ ಹೊತ್ತಿಗೆ ಹೆಂಗಸರು ತಲೆ ಬಾಚಿಕೊಂಡು ಕೂರುತ್ತಾರೆ. ಅದು ಕೇಳಿದ ಮೇಲೆ ಹದಿನೈದು ಸೆಕೆಂಡು ನಿಂತು ಮುಂದೆ ಹೋಗುತ್ತದಲ್ಲ, ಅಷ್ಟರೊಳಗೆ ಎಲ್ಲವನ್ನೂ ಹೇಳಿ ಮುಗಿಸಬೇಕು. ಇಳಕಲ್ಲಿನ ರೋಷನಬಿ ರಾತ್ರಿಯ ಕೆಮ್ಮಿನಿಂದ ಹಿಡಿದು ತನ್ನ ಸೊಸೆಯ ತನಕ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಕುಳಗೇರಿ ಕ್ರಾಸಿನ ಖಾಸಿಂಸಾಬ ಬಸ್ಸಿನ ಡ್ರೈವರ್ ಆಗಿದ್ದವರು, ಈಗ ಕಣ್ಣು ಕಾಣುವುದಿಲ್ಲ. ಗಾಡಿ ಹೊರಡುವಾಗ ಪ್ರತಿ ಸಲ "ಸಾವಕಾಶ ಹೋಗವಾ" ಅನ್ನುತ್ತಾರೆ. ಗುರುಲಿಂಗವ್ವನಂತೂ ಅದು ತನ್ನ ಸತ್ತ ಮಗಳ ದನಿಯೇ ಅಂತ ಹಟ ಹಿಡಿದಿದ್ದಾಳೆ. ರೋಷನಬಿಯೋ, ಅಲ್ಲ, ಅದು ನನ್ನ ಮಗಳದು ಅಂತಾಳೆ. ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು.

ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಮಗಳು ಎಲ್ಲಿದ್ದಾಳೆ, ಯಾಕೆ ಬರುವುದಿಲ್ಲ, ಯಾರಿಗೆ ಕೊಟ್ಟಿದ್ದೀರಿ, ಎಲ್ಲ ಬರುತ್ತದೆ. ಆದರೆ ಹೊಟ್ಟೆ ಉರಿಯುತ್ತದೆ, ಖರೆ ಹೇಳುತ್ತೇನೆ. ಇಪ್ಪತ್ತೊಂದು ಜನ ನನ್ನ ಮಗಳ ಜೊತೆ ಮಾತಾಡುತ್ತಾರೆ. ನಾನೊಬ್ಬಳೇ ಗೋಡೆ ನೋಡುತ್ತಾ ಮಲಗುತ್ತೇನೆ. ತಗಡಿಗೆ ಉತ್ತರ ಕೊಡಲಿಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಕರೆಯಲಿಲ್ಲ ಅಂತ ಬರೆದಿದ್ದೀ. ಕರೆಯಲು ಒಂದು ಮನೆ ಬೇಕು, ಒಂದು ಒಲೆ ಬೇಕು. ನನ್ನ ಹತ್ತಿರ ಇರುವುದು ಮಂಚ ಒಂದೇ.

ಅವ್ವ


ಬಾಗಲಕೋಟೆ
30 ಜುಲೈ 2005

ಅವ್ವಾ,

ಸೋಮವಾರ ಒಬ್ಬರನ್ನು ಕಳಿಸಿ ಹದಿನೈದು ಸೆಕೆಂಡನ್ನು ಒಂದು ನಿಮಿಷ ಮಾಡಿಸುತ್ತೇನೆ. ರೋಷನಬಿ ಅಜ್ಜಿಗೆ ಹೇಳು.

ಆಗಸ್ಟ್ ಹನ್ನೊಂದಕ್ಕೆ ನಮ್ಮ ವ್ಯಾನು ಬಂದು ಗಾಡಿಯನ್ನು ಇಲ್ಲಿಗೆ ತರುತ್ತದೆ. ಕಾಲೇಜಿನಲ್ಲಿ ಪ್ರದರ್ಶನವಿದೆ. ಹದಿನೈದು ದಿನಕ್ಕೆ ತಿರುಗಿ ಕಳಿಸುತ್ತೇನೆ.

ಒಂಬತ್ತಕ್ಕೆ ಪಂಚಮಿ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಿದ್ದಾರೆ. ಚೇತನಾ ನಾವು ಯಾಕೆ ಎಲ್ಲಿಗೂ ಹೋಗುವುದಿಲ್ಲ ಅಂತ ಈ ವರ್ಷವೂ ಕೇಳಿದಳು. ಮನೆ ಇಲ್ಲ ಅಂತೀ. ಮಂಚಕ್ಕಾದರೂ ಕರಿ ಅವ್ವಾ, ಬರುತ್ತೇನೆ.

ಅನುರಾಧಾ


ಹುನಗುಂದ
13 ಆಗಸ್ಟ್ 2005

ಮಾನ್ಯ ಉಪನ್ಯಾಸಕರಿಗೆ,

ವಿಷಯ: ತಮ್ಮ ಯಂತ್ರವು ಕೆಟ್ಟಿರುವ ಕುರಿತು.

ದಿನಾಂಕ 11ರಂದು ತಮ್ಮ ವ್ಯಾನಿನಲ್ಲಿ ಸದರಿ ಯಂತ್ರವನ್ನು ಕಳಿಸುವ ಮುನ್ನ ಇಲ್ಲಿನ ಹೆಣ್ಣುಮಕ್ಕಳು ನನ್ನ ಅನುಮತಿ ಇಲ್ಲದೆ ಅದಕ್ಕೆ ಉಡಿ ತುಂಬಿರುತ್ತಾರೆ. ಮಗಳನ್ನು ಪಂಚಮಿಯ ವಾರದಲ್ಲಿ ಬರಿ ಉಡಿಯಲ್ಲಿ ಕಳಿಸಬಾರದೆಂಬುದು ಅವರ ವಾದ. ಯಂತ್ರಕ್ಕೆ ಕುಂಕುಮ ಹಚ್ಚಿ, ಮುಂದಿನ ತಾಟಿಗೆ ಸೀರೆಯ ತುಂಡು ಕಟ್ಟಿ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಎಲೆ ಅಡಿಕೆ ಹಾಕಿರುತ್ತಾರೆ. ಯಂತ್ರವು ಬಾಗಿಲ ತನಕ ಹೋಗಿ ಕರಕರ ಸದ್ದು ಮಾಡಿ ನಿಂತುಬಿಟ್ಟಿತು. ಗಾಲಿಯೊಳಗೆ ಅಕ್ಕಿ ಸಿಕ್ಕಿರುವುದನ್ನು ತಮ್ಮ ಚಾಲಕರು ತೋರಿಸಿದರು.

ಇಲ್ಲಿರುವವರಲ್ಲಿ ಮುತ್ತೈದೆ ಒಬ್ಬಳೇ. ಆಕೆ ಗುರುಲಿಂಗವ್ವ, ಪತಿ ಗಂಡಸರ ಕಡೆಯಲ್ಲಿದ್ದಾರೆ. ಉಡಿ ತುಂಬಿದ್ದು ಆಕೆಯ ಕೈಯಿಂದಲೇ ಆದ್ದರಿಂದ ಆಕೆಗೆ ತಿಳುವಳಿಕೆ ಹೇಳಲಾಗಿದೆ. ಆಕೆ ಎರಡು ದಿನದಿಂದ ಊಟ ಮಾಡಿರುವುದಿಲ್ಲ. ಕ್ಷಮೆ ಇರಲಿ. ಯಂತ್ರ ಬೇಗ ರಿಪೇರಿಯಾದರೆ ಉಪಕಾರ. ಎಲ್ಲರೂ ದಿನಾ ಕೇಳುತ್ತಿದ್ದಾರೆ.

ತಮ್ಮ ವಿಶ್ವಾಸಿ,
ಗುರಪ್ಪ
ಮೇಲ್ವಿಚಾರಕ


ಬಾಗಲಕೋಟೆ
24 ಆಗಸ್ಟ್ 2005

ಅವ್ವಾ,

ನನ್ನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಪಂಚಮಿಯ ದಿನ ಅಂಚೆಯವನ ದಾರಿ ನೋಡಿ ಮಧ್ಯಾಹ್ನದ ಮೇಲೆ ಕಾಲೇಜಿಗೆ ಹೋದೆ.

ಪ್ರದರ್ಶನ ಗಾಡಿಯಿಲ್ಲದೆಯೇ ಮುಗಿಯಿತು. ನಿನ್ನೆ ಅದನ್ನು ಬಿಚ್ಚಿದೆ. ಮುಂದಿನ ತಾಟಿನಲ್ಲಿ ಗುರುಲಿಂಗವ್ವ ಕಟ್ಟಿದ ಗಂಟು ಹಾಗೇ ಇತ್ತು. ಒಂದು ಕಾಳು ಅಕ್ಕಿಯೂ ಅದರಿಂದ ಹೊರಗೆ ಬಿದ್ದಿಲ್ಲ. ಗಾಲಿಗೆ ಸಿಕ್ಕ ಅಕ್ಕಿ ಅಲ್ಲಿಯದಲ್ಲ. ಬೆನ್ನ ಹಿಂದೆ ಬ್ಯಾಟರಿ ಇಡುವ ಕಿಂಡಿಯಿದೆ. ಯಾರೋ ಅದರ ಬಾಗಿಲು ತೆಗೆದು ಒಂದು ಬೊಗಸೆ ಅಕ್ಕಿ ಸುರಿದಿದ್ದಾರೆ. ಐದು ಅರಿಷಿಣದ ಕೊಂಬು ಇದ್ದವು. ಬ್ಯಾಟರಿಯ ಸುತ್ತ ಗುಳೇದಗುಡ್ಡದ ಒಂದು ಕುಪ್ಪಸದ ಖಣ ಮಡಚಿ ಇಟ್ಟಿತ್ತು. ಹಸಿರು ಮೈ, ಕೆಂಪು ಅಂಚು. ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿದೆ, ಭಾಳ ವರ್ಷ ಟ್ರಂಕಿನಲ್ಲಿದ್ದದ್ದು.

ವಿದ್ಯಾರ್ಥಿಗಳು ಇದ್ದರು. ನಾನು ಹೊರಗೆ ಹೋಗಿ ನಳದ ಹತ್ತಿರ ನಿಂತೆ.

ಅದು ಯಾರದು ಅಂತ ಹೇಳು. ನನಗೆ ಗೊತ್ತು, ಆದರೂ ನೀನು ಹೇಳಬೇಕು. ಮತ್ತು ಕರೆಯುವುದಾದರೆ ಒಂದು ಮಾತು. ನಾನು ಬಂದಾಗ ಎಲ್ಲರೆದುರು ಇವಳು ನನ್ನ ಮಗಳು ಅಂತ ನೀನು ಬಾಯಿಬಿಟ್ಟು ಹೇಳಬೇಕು. ನನಗೆ ಬೇರೇನೂ ಬೇಡ. ಅದಾಗದಿದ್ದರೆ ಕರೆಯಬೇಡ.

ಅನುರಾಧಾ


ಹುನಗುಂದ
6 ಸೆಪ್ಟೆಂಬರ್ 2005

ಅನು,

ಅಕ್ಕಿ ನನ್ನದು. ಖಣವೂ ನನ್ನದು. ನಿನ್ನ ಲಗ್ನಕ್ಕೆ ಅಂತ ನೀನು ಕಾಲೇಜಿಗೆ ಹೋಗುವಾಗಲೇ ತೆಗೆದಿಟ್ಟದ್ದು.

ಆವತ್ತು ಗುರುಲಿಂಗವ್ವ ಉಡಿ ತುಂಬುವಾಗ ನಾವು ರಂಡೆಮುಂಡೆಯರೆಲ್ಲ ಗೋಡೆಗೆ ಸರಿದು ನಿಂತಿದ್ದೆವು. ಇಂಥದ್ದಕ್ಕೆ ನಮ್ಮ ಕೈ ಬರಬಾರದಲ್ಲ. ನಿನ್ನಪ್ಪ ಇದ್ದಾಗ ನಿನ್ನ ಉಡಿ ತುಂಬಲು ಅವನು ಬಿಡಲಿಲ್ಲ. ಅವನು ಹೋದ ಮೇಲೆ ತುಂಬುವ ಹಕ್ಕು ನನಗಿಲ್ಲ. ಎರಡರ ನಡುವೆ ನನ್ನ ಮಗಳು ಬರಿ ಉಡಿಯಲ್ಲೇ ಉಳಿದಳು ಅಂತ ನಿಂತಲ್ಲೇ ಅನಿಸಿತು. ಅವರೆಲ್ಲ ವ್ಯಾನು ನೋಡಲು ಹೊರಗೆ ಹೋದಾಗ ಅಡುಗೆಮನೆಯಿಂದ ಅಕ್ಕಿ ತಂದೆ. ಮುಂದೆ ಹಾಕಿದರೆ ಯಾರಾದರೂ ನೋಡುತ್ತಾರೆ ಅಂತ ಹಿಂದಿನ ಕಿಂಡಿಗೆ ಹಾಕಿದೆ. ಅದರೊಳಗೆ ಗಾಲಿ ಇರುತ್ತದೆ ಅಂತ ನನಗೇನು ಗೊತ್ತು? ಮಗ್ಗವಾದರೆ ಎಲ್ಲಿ ಕೈ ಇಡಬಾರದು ಅಂತ ಹೇಳುತ್ತಿದ್ದೆ.

ಇನ್ನೊಂದು ಪಾಪ. ಗುರುಲಿಂಗವ್ವ ಬೈಸಿಕೊಂಡಳು, ನಾನು ಸುಮ್ಮನಿದ್ದೆ. ಮೂರು ವಾರ ಸುಮ್ಮನಿದ್ದೆ. ನಿನ್ನ ಪತ್ರ ಬಂದ ಮೇಲೆ ಗುರಪ್ಪನ ಕೋಣೆಗೆ ಹೋಗಿ, "ಅಕ್ಕಿ ನಂದಪ್ಪಾ" ಅಂದೆ. "ಯಾಕ ಹಾಕಿದ್ರಿ ಆಯಿ?" ಅಂತ ಕೇಳಿದ. "ಮನಸಾತು, ಹಾಕಿದೆ" ಅಂದೆ. ಅಷ್ಟೇ ಬಂತು ಬಾಯಿಗೆ.

ನನ್ನ ಬಾಯಿಯ ಕತೆ ನಿನಗೆ ಗೊತ್ತೇ ಇದೆ. ಆವತ್ತು ರಾಟಿ ಯಾಕೆ ನಿಲ್ಲಿಸಲಿಲ್ಲ ಅಂದರೆ, ನಿಲ್ಲಿಸಿದರೆ ಏನಾದರೂ ಮಾತಾಡಬೇಕಾಗುತ್ತಿತ್ತು. ನೀನು ಹೋದ ಮೇಲೂ ಸುತ್ತುತ್ತಲೇ ಇದ್ದೆ. ಸಂಜೆ ನೋಡಿದರೆ ಕಂಡಿಕೆಗೆ ನೂಲೇ ಏರಿರಲಿಲ್ಲ, ಎಳೆ ಯಾವಾಗಲೋ ಹರಿದಿತ್ತು.

ಕರೆಯುತ್ತಿದ್ದೇನೆ, ಬಾ. ಎಲ್ಲರೆದುರು ಹೇಳುತ್ತೇನೆ. ನೀನೇ ಮೊದಲು ಹೇಳಬೇಡ, ಅದು ನಾನು ಹೇಳುವ ಮಾತು.

ನಿನ್ನ ಅವ್ವ


ಬಾಗಲಕೋಟೆ
20 ಸೆಪ್ಟೆಂಬರ್ 2005

ಅವ್ವಾ,

ಅಕ್ಟೋಬರ್ ಎರಡು ಭಾನುವಾರ. ಹತ್ತು ಗಂಟೆಯ ಬಸ್ಸಿಗೆ ಒಬ್ಬಳೇ ಬರುತ್ತೇನೆ. ಗಾಡಿಗೆ ಹೊಸ ಮೋಟರು ಬರಬೇಕು, ಅದು ಆಮೇಲೆ. ಖಣದ ಕುಪ್ಪಸ ಹೊಲಿಸಿದ್ದೇನೆ. ಮುಂದಿನ ಸಲ ಸಿದ್ದಾರ್ಥ ಮತ್ತು ಚೇತನಾ ಬರುತ್ತಾರೆ, ಈ ಸಲ ನಾವಿಬ್ಬರೇ ಇರೋಣ.

ಅನು


ಹುನಗುಂದ
10 ಅಕ್ಟೋಬರ್ 2005

ಅನು,

ನಿನ್ನಿಂದ ಪತ್ರವಿಲ್ಲ. ಬರೆಯುತ್ತೀ ಅಂತ ನಾನೂ ತಿಳಿದಿರಲಿಲ್ಲ.

ನೀನು ಬಂದ ದಿನ ನಾನು ಏಳಕ್ಕೇ ಸ್ನಾನ ಮಾಡಿ ಕೂತಿದ್ದೆ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದ್ದೆ. ನೀನು ಗೇಟಿನಲ್ಲಿ ನಿಂತು ಕಾವಲಿನವನಿಗೆ "ಒಳಗ ಬರಬಹುದೇನ್ರಿ?" ಅಂದೆ. ಅಷ್ಟೇ ಅಂದದ್ದು. ಏಳು ವಾರದಿಂದ ಆ ದನಿ ಇಲ್ಲದೆ ಇವರೆಲ್ಲ ಮಂಕಾಗಿದ್ದರು. ಹೊರಸಿನಿಂದ ಏಳದವರೂ ಎದ್ದರು. ಖಾಸಿಂಸಾಬ ಗೋಡೆ ಹಿಡಿದು ಬಂದು, "ಬಂದೇನವಾ, ಭಾಳ ದಿನಾ ಮಾಡಿದಿ" ಅಂದರು. ರೋಷನಬಿ ನಿನ್ನ ಕೈ ಹಿಡಿದು ತನ್ನ ಮಂಚದ ಮೇಲೆ ಕೂರಿಸಿಕೊಂಡಳು. ಗುರುಲಿಂಗವ್ವ ನಿನ್ನ ಗಲ್ಲ ಸವರಿ ಅತ್ತಳು. ಒಬ್ಬರಾದ ಮೇಲೆ ಒಬ್ಬರು, ಗಾಡೆವ್ವನ ಮಾತು ಆಡು, ನನಗೂ ಆಡು ಅಂತ. ನೀನು ಎಲ್ಲರಿಗೂ ಆಡಿದೆ. ನನ್ನ ಸೊಂಟಕ್ಕೆ ಆ ಗುಂಪಿನೊಳಗೆ ನುಗ್ಗಲು ಆಗುವುದಿಲ್ಲ. ಕೋಲು ಹಿಡಿದು ನನ್ನ ಮಂಚದ ಹತ್ತಿರವೇ ನಿಂತಿದ್ದೆ. ಹಸಿರು ಖಣ ನಿನ್ನ ಬೆನ್ನಿಗೆ ಚೆನ್ನಾಗಿ ಕೂತಿತ್ತು. ಬೆನ್ನಷ್ಟೇ ಕಂಡದ್ದು.

ಆಮೇಲೆ ಗುರುಲಿಂಗವ್ವ ಕೇಳಿದಳು, "ಯಾರ ಮಗಳವಾ ನೀ?"

ನೀನು ತಿರುಗಿ ನನ್ನನ್ನು ನೋಡಿದೆ. ನಾನು ಹೇಳಬೇಕಾಗಿದ್ದ ಹೊತ್ತು ಅದೇ. ನನ್ನ ಬಾಯಿ ಅರ್ಧ ತೆರೆದಿತ್ತು, ಅನು, ದೇವರಾಣೆ ತೆರೆದಿತ್ತು. ಅಷ್ಟರೊಳಗೆ ಯಾರೋ "ಗಂಡನ ಊರು ಯಾವುದು?" ಅಂತ ಕೇಳಿದರು. ನೀನು ಶಿರೂರು ಅಂದೆ. "ಶಿರೂರಾಗ ಯಾರ ಪೈಕಿ?" ಅಂದರು. ಜಾತಿಗೆ ಹೋಗಿ ಮುಟ್ಟುವ ಆ ಒಂದು ಪ್ರಶ್ನೆಗೆ ನಾನು ಹೆದರಿದೆ. ಹನ್ನೊಂದು ವರ್ಷದ ಹಿಂದೆ ಹೆದರಿದ್ದೂ ಅದಕ್ಕೇ. ಈಗ ನನ್ನನ್ನು ಬೈಯಲು ಗಂಡನಿಲ್ಲ, ಓಣಿಯಿಲ್ಲ, ಮಗ್ಗವಿಲ್ಲ. ಆದರೂ ಹೆದರಿ ಕೆಳಗೆ ನೋಡಿದೆ. ನೀನು ಸ್ವಲ್ಪ ಹೊತ್ತು ಕಾದೆ. ಆಮೇಲೆ "ನಾ ಕಾಲೇಜಿನ್ಯಾಕಿರಿ" ಅಂದೆ.

ನಾಲ್ಕರ ತನಕ ನೀನು ಒಂದೊಂದೇ ಮಂಚಕ್ಕೆ ಹೋದೆ. ಕೊನೆಗೆ ನನ್ನ ಮುಂದೆ ಬಂದು ನಿಂತೆ. ಈಗಲಾದರೂ ಅವ್ವ ಅಂತೀಯೇನೋ ಅಂತ ನಾನು ಕಾದೆ. ನೀನು ಅಂದೆ, "ಊಟ ಆತೇನ್ರಿ? ಗುಳಿಗಿ ತಗೊಂಡ್ರಿ?"

ನಾನು "ಆತವಾ" ಅಂದೆ. ನೀನು ಐದರ ಬಸ್ಸಿಗೆ ಹೋದೆ.

ನಿನ್ನದು ತಪ್ಪಲ್ಲ. ನನಗೆ ಅದೇ ಸಲ್ಲಬೇಕಾದ್ದು. ಆದರೆ ಆಮೇಲೆ ಏನಾಯಿತು ಅಂತ ನಿನಗೆ ತಿಳಿಯಬೇಕು, ಅದಕ್ಕೇ ಈ ಪತ್ರ.

ಸಂಜೆ ಎಲ್ಲರೂ ಊಟಕ್ಕೆ ಸಾಲಾಗಿ ಕೂತಾಗ ನಾನು ಕೋಲು ಊರಿ ಎದ್ದು ನಿಂತೆ. "ಇವತ್ತ ಬಂದಾಕಿ ನನ್ನ ಮಗಳು. ನನ್ನ ಹೊಟ್ಟೀಲೆ ಹುಟ್ಟಿದಾಕಿ, ಹೆಸರು ಅನುರಾಧಾ. ಅಳಿಯ ಸಿದ್ದಾರ್ಥ, ಶಿರೂರ ಹನಮಪ್ಪನ ಮಗ. ನಮ್ಮ ಜಾತಿಯಾಂವ ಅಲ್ಲ, ನಮ್ಮ ಅಳಿಯ. ಮೊಮ್ಮಗಳು ಚೇತನಾ. ಗಾಡೆವ್ವನೊಳಗ ಇರೂದು ನನ್ನ ಮಗಳ ದನಿ" ಅಂದೆ. ದನಿ ನಡುಗಲಿಲ್ಲ. ಯಾರು ಏನು ಕೇಳಿದರೂ ಉತ್ತರ ಕೊಡಬೇಕು ಅಂತ ನಿಂತೇ ಇದ್ದೆ.

ಯಾರೂ ಏನೂ ಕೇಳಲಿಲ್ಲ. ರೋಷನಬಿ ನನ್ನ ಸೆರಗು ಜಗ್ಗಿ ಕೂರಿಸಿದಳು. ಗುರುಲಿಂಗವ್ವ ನನ್ನ ತಾಟಿಗೆ ಇನ್ನೊಂದು ಸೌಟು ಸಾರು ಹಾಕಿ, "ಇರಲಿ ಬಿಡ ಚಂದ್ರವ್ವ. ಆಕಿ ನನ್ನ ಮಗಳು ಅಂತ ನಾವೂ ಎಲ್ಲಾರೂ ಅಂತೀವಿ" ಅಂದಳು.

ಮರುದಿನವೂ ಎದ್ದು ಹೇಳಿದೆ. ಅದರ ಮರುದಿನವೂ ಹೇಳಿದೆ. ಇವತ್ತಿಗೆ ಒಂಬತ್ತು ದಿನವಾಯಿತು, ಊಟದ ಹೊತ್ತಿಗೆ ಎದ್ದು ನಿಂತು ಹೇಳುತ್ತಲೇ ಇದ್ದೇನೆ. ನನಗೆ ಅರಳುಮರಳು ಅಂತ ಇವರು ಮಾತಾಡಿಕೊಳ್ಳುತ್ತಾರೆ. ಡಾಕ್ಟರನ್ನು ಕರೆಸುತ್ತೇನೆ ಅಂತ ಗುರಪ್ಪ ಹೇಳಿದ್ದಾನೆ. ಕರೆಸಲಿ. ಅವರಿಗೂ ಹೇಳುತ್ತೇನೆ.

ಅನುರಾಧಾಳ ಅವ್ವ